ಕೇರಿಗೆ ಬಾರದ ಎಚ್ಚರಿಕೆ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಆಡಿದ ಮಾತುಗಳು. ಆಮೇಲೆ ನೆನಪು ಮಾಡಿಕೊಂಡು ಬರೆದುಕೊಟ್ಟದ್ದು.)



ಪದ್ಯ ಬರೆಯೋರನ್ನ ಕರೆದು ಮಳೆ ಬಗ್ಗೆ ಮಾತಾಡಿ ಅಂದಿದ್ದೀರಿ. ಬಿ.ಎ. ಕ್ಲಾಸಿನಲ್ಲಿ ನಮಗೂ ಮಳೆಯ ಪಾಠ ಆಗಿತ್ತು. ಅದರಲ್ಲಿ ನವಿಲಿತ್ತು, ಮಿಂಚಿತ್ತು, ಗಂಡನ ದಾರಿ ಕಾಯುವ ಹೆಂಗಸಿದ್ದಳು. ನಮ್ಮ ಕೇರಿಯ ಮಳೆ ಅದರಲ್ಲಿ ಇರಲಿಲ್ಲ. ಕೇರಿಯಲ್ಲಿ ಮಳೆ ಅಂದರೆ ಪಾತ್ರೆ. ಸೋರುವ ಕಡೆಗೆಲ್ಲ ಒಂದೊಂದು ಪಾತ್ರೆ ಇಟ್ಟು, ಪಾತ್ರೆ ಮುಗಿದ ಮೇಲೆ ಬೊಗಸೆ ಒಡ್ಡಿ, ಮಕ್ಕಳನ್ನ ಒಣಗಿದ ಮೂಲೆಗೆ ತಳ್ಳಿ ಬೆಳಗಿನವರೆಗೆ ಕೂತಿರೋದು.

ಇವತ್ತಿನ ಮಾತು ಮಳೆ ಬರುವ ಮುಂಚೆ ಹೊರಡುವ ಸುದ್ದಿಯದು. ಆ ಸುದ್ದಿ ಯಾರಿಗೆ ಮೊದಲು ಮುಟ್ಟುತ್ತೆ? ಯಾರಿಗೆ ಕೊನೆಗೆ ಮುಟ್ಟುತ್ತೆ? ಮುಟ್ಟಿದ ಮೇಲೆ ಯಾರ ಬಾಗಿಲು ತೆರೆಯುತ್ತೆ? ಇಷ್ಟನ್ನೇ ಕೇಳಿಕೊಳ್ಳೋಣ.

ಮೊದಲು ನಮ್ಮೂರಿನ ಒಂದು ರಾತ್ರಿಯ ಕತೆ.

2021ರ ನವೆಂಬರ್. ಕೋಲಾರ ಸೀಮೆ. ಬರದ ನಾಡು ಅಂತ ಹೆಸರಾದ ನೆಲದಲ್ಲಿ ಆ ತಿಂಗಳು ಮಳೆ ನಿಲ್ಲಲೇ ಇಲ್ಲ. ಬಂಗಾಳ ಕೊಲ್ಲಿಯಲ್ಲಿ ಒಂದರ ಹಿಂದೆ ಒಂದು ವಾಯುಭಾರ ಕುಸಿತ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಈ ಕಡೆಯ ಎಷ್ಟೋ ಕೆರೆಗಳಿಗೆ ಬಿಡುತ್ತಿದ್ದರು. ಹಾಗಾಗಿ ಹಲವು ಕೆರೆಗಳು ಮೊದಲೇ ತುಂಬಿ ಕೂತಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ನಮ್ಮ ಕಡೆಯ ಕೆರೆಗಳು ಸರಪಳಿ ಇದ್ದ ಹಾಗೆ. ಒಂದು ಕೊಂಡಿ ಕಿತ್ತರೆ ಕೆಳಗಿನ ಕೊಂಡಿಗಳಿಗೆಲ್ಲ ಅಪಾಯ. ನಮ್ಮ ಕೇರಿ ಇರೋದು ಕೆರೆ ಏರಿಯ ಕೆಳಗೆ, ಕೋಡಿ ಹಳ್ಳದ ಪಕ್ಕ. ಊರು ದಿಬ್ಬದ ಮೇಲೆ. ಯಾವ ಊರಲ್ಲಿ ಬೇಕಾದರೂ ನೋಡಿ, ಹೀಗೇ. ಉಳಿದವರು ಬೇಡ ಅಂದ ನೆಲ ನಮ್ಮದು.

ಜಿಲ್ಲೆಗೆ ಭಾರಿ ಮಳೆಯ ಎಚ್ಚರಿಕೆ ಹೊರಟಿತ್ತು. ಅದು ಬಂದದ್ದೂ ನಿಜ. ಪಂಚಾಯಿತಿಯ ವಾಟ್ಸಾಪ್ ಗುಂಪಿಗೆ ಮಧ್ಯಾಹ್ನವೇ ಬಂದಿತ್ತು ಅಂತ ನಮಗೆ ಮೂರು ದಿನ ಆದ ಮೇಲೆ ಗೊತ್ತಾಯಿತು. ಆ ಗುಂಪಿನಲ್ಲಿ ಕೇರಿಯವರು ಯಾರೂ ಇರಲಿಲ್ಲ. ದೇವಸ್ಥಾನದ ಮೈಕಿನಲ್ಲೂ ಹೇಳಿದರಂತೆ. ಮೈಕಿನ ಬಾಯಿ ಊರ ಕಡೆಗಿದೆ.

ನಮ್ಮ ತಾತನಿಗೆ ಆಗ ಎಂಬತ್ತರ ಹತ್ತಿರ. ಅವನ ಅಪ್ಪ ಕೆರೆ ನೀರುಗಂಟಿ. ತಾತನೂ ಹುಡುಗನಾಗಿದ್ದಾಗಿಂದ ಕೆರೆ ಕಾದವನು. ರಾತ್ರಿ ಹನ್ನೊಂದರ ಸುಮಾರಿಗೆ ಎದ್ದು ಕೂತ. "ಕೋಡಿ ಸದ್ದು ಬದಲಾಯ್ತು ಕಣ್ಲಾ" ಅಂದ. ನಮಗೆ ಮಳೆ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಬ್ಯಾಟರಿ ಹಿಡಕೊಂಡು ಏರಿಯ ಬುಡಕ್ಕೆ ಹೋಗಿ ನೋಡಿದರೆ ಒಂದು ಕಡೆ ನೀರು ಜಿನುಗುತ್ತಿತ್ತು. ತಾತ ಆ ನೀರನ್ನ ಅಂಗೈಯಲ್ಲಿ ಹಿಡಿದು ಬೆಳಕಿಗೆ ತೋರಿಸಿದ. ಕೆಂಪಗಿತ್ತು. "ತಿಳಿ ನೀರಾದ್ರೆ ಹೆದರಬ್ಯಾಡ. ಕೆಂಪು ನೀರು ಬಂತು ಅಂದ್ರೆ ಏರಿ ಒಳಗಿನ ಮಣ್ಣು ಕರಗಿ ಬರ್ತಾ ಐತೆ. ನಡೀರ್ಲಾ" ಅಂದ.

ಮನೆಗೆ ಬಂದವನೇ ಅಟ್ಟದ ಮೇಲಿದ್ದ ತಮಟೆ ಇಳಿಸಿದ.

ಗೆಳೆಯರೇ, ಆ ತಮಟೆ ಅಟ್ಟ ಸೇರಿದ್ದು ನಮ್ಮಿಂದಲೇ. ಕೇರಿಯ ಹುಡುಗರು ನಾವೇ ಸಭೆ ಸೇರಿ, ಊರಿನ ಹೆಣದ ಮುಂದೆ, ಊರಿನ ಜಾತ್ರೆಯಲ್ಲಿ ಇನ್ನು ಬಿಟ್ಟಿ ತಮಟೆ ಹೊಡೆಯಲ್ಲ ಅಂತ ತೀರ್ಮಾನ ಮಾಡಿದ್ದೆವು. ತಾತ ಅವತ್ತು ಮಾತಾಡದೆ ಎದ್ದು ಹೋಗಿದ್ದ. ಈಗ ಕೇಳದೆಯೇ ಇಳಿಸಿದ. ಮಳೆಗೆ ಚರ್ಮ ಮೆತ್ತಗಾಗಿ ಸದ್ದೇ ಬರುತ್ತಿರಲಿಲ್ಲ. ಒಲೆಯ ಕೆಂಡಕ್ಕೆ ಹಿಡಿದು ಕಾಯಿಸಿ, ಗೋಣಿ ಕೊಪ್ಪೆಯೊಳಗೆ ಬಚ್ಚಿಟ್ಟುಕೊಂಡು ಹೊರಟ. ಮೊದಲು ಕೇರಿ. ಆಮೇಲೆ ಊರು. ಎರಡನೇ ಬೀದಿಗೆ ಹೋಗೋದರಲ್ಲಿ ಚರ್ಮ ನೆಂದು ತಮಟೆ ಮೂಗವಾಯಿತು. ಆಗ ನಮ್ಮ ಅಕ್ಕಂದಿರು ಸ್ಟೀಲ್ ತಟ್ಟೆ, ಬಿಂದಿಗೆ ಹಿಡಕೊಂಡು ಬಡಿದರು.

ಎಲ್ಲರೂ ಎದ್ದರು. ಎಲ್ಲರೂ ದಿಬ್ಬ ಹತ್ತಿದೆವು. ದಿಬ್ಬದ ಮೇಲೆ ದೇವಸ್ಥಾನ, ಅದರ ಮಂಟಪ. ಬಾಗಿಲಿಗೆ ಬೀಗ. ಸಮುದಾಯ ಭವನಕ್ಕೂ ಬೀಗ. ಕೀಲಿ ಇದ್ದವರು "ಬೆಳಗ್ಗೆ ನೋಡೋಣ" ಅಂದರು. ಶಾಲೆಯ ಜಗಲಿಯ ಮೇಲೆ ಬಾಣಂತಿಯರು, ಮುದುಕರು. ಉಳಿದವರು ರಸ್ತೆಯ ಮೇಲೆ, ಮಳೆಯಲ್ಲಿ. ಅವತ್ತು ಏರಿ ಪೂರ್ತಿ ಒಡೆಯಲಿಲ್ಲ. ಕೋಡಿಯ ನೀರು ಕೇರಿಗೆ ನುಗ್ಗಿ ಹನ್ನೊಂದು ಮನೆ ಬಿತ್ತು. ಒಬ್ಬರೂ ಸಾಯಲಿಲ್ಲ. ಸಾಯದೇ ಇದ್ದದ್ದಕ್ಕೆ ಪೇಪರಿನಲ್ಲಿ ಸುದ್ದಿಯೂ ಆಗಲಿಲ್ಲ.

ಬೆಳಗಿನ ಜಾವ ತಾತನನ್ನ ಕೇಳಿದೆವು, "ಊರಿಗೂ ಯಾಕೆ ಹೊಡೆದೆ ತಾತ? ಅವರು ಬಾಗಿಲು ತೆಗೀಲಿಲ್ವಲ್ಲ?" ಅವನು ಹೇಳಿದ್ದು ಇಷ್ಟೇ: "ಇವತ್ತು ಹೊಡಿ ಅಂತ ಯಾರೂ ಹೇಳಲಿಲ್ಲ ಕಣ್ಲಾ. ನಾನೇ ಹೊಡೆದೆ."

ಆ ಮಾತನ್ನ ಇಟ್ಟುಕೊಂಡು ಸ್ವಲ್ಪ ಹಿಂದಕ್ಕೆ ಹೋಗೋಣ.

ಊರಿಗೆ ಎಚ್ಚರಿಕೆ ಕೊಡುತ್ತಿದ್ದವರು ಯಾರು? ತೋಟಿ, ತಳವಾರ, ನೀರುಗಂಟಿ. ನಮ್ಮ ಕಡೆಯ ಬಹುಪಾಲು ಹಳ್ಳಿಗಳಲ್ಲಿ ತೋಟಿ, ನೀರುಗಂಟಿ ನಮ್ಮವರೇ. ಮಳೆಯಲ್ಲಿ ಏರಿಯ ಮೇಲೆ ಮಲಗಿ ಕೆರೆ ಕಾಯಬೇಕು. ತೂಬು ಎತ್ತಬೇಕು. ಕೋಡಿ ಬಿಡಿಸಬೇಕು. ಅಪಾಯ ಬಂದರೆ ಡಂಗುರ ಸಾರಬೇಕು. ಕೂಲಿ ಅಂದರೆ ಸುಗ್ಗಿಯಲ್ಲಿ ಕಣದ ಬುಡದ ಕಾಳು. ಕೆರೆಯ ನೀರು ಕಾಯೋನಿಗೆ ಊರಿನ ಬಾವಿಯ ನೀರು ಮುಟ್ಟೋ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದು ನಿಮಗೆ ಗೊತ್ತು. ಕುಡಿಯೋ ನೀರು ನಮ್ಮನ್ನ ದೂರ ಇಟ್ಟಿತು. ಕೊಚ್ಚಿಕೊಂಡು ಹೋಗೋ ನೀರಿಗೆ ಮಾತ್ರ ಯಾವತ್ತೂ ಮೈಲಿಗೆ ಇರಲಿಲ್ಲ. ಅದು ಮೊದಲು ನಮ್ಮ ಮನೆಗೇ ಬರುತ್ತೆ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂತು. ವಂಶಪಾರಂಪರ್ಯದ ಚಾಕರಿ ಕಾಗದದ ಮೇಲೆ ಹೋಯಿತು. ಹೋಗಲೇಬೇಕಿತ್ತು. ಅದರ ಬಗ್ಗೆ ನಮಗೆ ಎರಡು ಮಾತಿಲ್ಲ. ಆದರೆ ಕೆರೆ ಕಾಯುವ ಕೆಲಸವನ್ನ ಸಂಬಳದ ಕೆಲಸ ಮಾಡಿ, ಯಾವ ಜಾತಿಯವನಾದರೂ ಬರಲಿ ಅಂತ ಸರ್ಕಾರ ಸರಿಯಾಗಿ ಏರ್ಪಾಟು ಮಾಡಲಿಲ್ಲ. ಕೆರೆಯ ಸದ್ದು ಗೊತ್ತಿದ್ದ ತಲೆಮಾರು ಮುಗಿಯುತ್ತಾ ಬಂತು. ಏರಿಯ ಮೇಲೆ ಜಾಲಿ ಬೆಳೆಯಿತು, ರಾಜಕಾಲುವೆ ಒತ್ತುವರಿಯಾಯಿತು.

ಹಾಗಾದರೆ ಈಗ ಎಚ್ಚರಿಕೆ ಎಲ್ಲಿಂದ ಬರುತ್ತೆ? ಇದನ್ನ ನೀವು ತಿಳಿಯಲೇಬೇಕು. ನಮ್ಮ ಅಪ್ಪಂದಿರಿಗೆ ಗೊತ್ತಿಲ್ಲ. ಓದಿದ ನಿಮಗೂ ಗೊತ್ತಿಲ್ಲದಿದ್ದರೆ ಅದು ನಮ್ಮ ತಪ್ಪು.

ಭಾರತ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಅದು ಜಿಲ್ಲೆ ಜಿಲ್ಲೆಗೂ ಬಣ್ಣ ಕೊಡುತ್ತೆ. ಹಸಿರು ಅಂದರೆ ಯೋಚನೆ ಬೇಡ. ಹಳದಿ ಅಂದರೆ ಸುದ್ದಿ ಕೇಳುತ್ತಿರಿ. ಕಿತ್ತಳೆ ಅಂದರೆ ಸಿದ್ಧವಾಗಿರಿ. ಕೆಂಪು ಅಂದರೆ ಈಗಲೇ ಕೆಲಸಕ್ಕಿಳಿಯಿರಿ. ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ಗುಡುಗು ಸಿಡಿಲಿನ ಮಳೆಗೆ ಬೇರೆ ಲೆಕ್ಕ. ಅದು ದೊಡ್ಡ ಮಳೆಯ ಹಾಗೆ ದಿನಗಟ್ಟಲೆ ಮುಂಚೆ ಊರಿನ ಹೆಸರು ಹಿಡಿದು ಹೇಳೋಕೆ ಬರಲ್ಲ. ಕಾದ ನೆಲದಿಂದ ತೇವದ ಗಾಳಿ ಮೇಲೇರಿ ಒಂದೆರಡು ಗಂಟೆಯಲ್ಲೇ ಮೋಡ ಹತ್ತು ಕಿಲೋಮೀಟರಿಗೂ ಹೆಚ್ಚು ಎತ್ತರಕ್ಕೆ ಬೆಳೆದುಬಿಡುತ್ತೆ. ಅದಕ್ಕೇ ಮೂರು ಗಂಟೆಯ ಎಚ್ಚರಿಕೆ ಅಂತ ಬೇರೆ ಕೊಡುತ್ತಾರೆ. ಆ ಮೂರು ಗಂಟೆಯಲ್ಲಿ ಸುದ್ದಿ ಜಿಲ್ಲೆ, ತಾಲ್ಲೂಕು, ಪಂಚಾಯಿತಿ ದಾಟಿ ಕೇರಿಗೆ ಬರಬೇಕು. ಬರುತ್ತಾ?

ನಮ್ಮ ರಾಜ್ಯಕ್ಕೆ ಒಂದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ, ಬೆಂಗಳೂರಿನ ಯಲಹಂಕದಲ್ಲಿ. ಹಳ್ಳಿ ಹಳ್ಳಿಯ ಮಳೆ ಅಳೆಯೋಕೆ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಯಂತ್ರ ನೆಟ್ಟಿದ್ದಾರೆ. ಹದಿನೈದು ನಿಮಿಷಕ್ಕೊಮ್ಮೆ ಆ ಯಂತ್ರ ಲೆಕ್ಕ ಕಳಿಸುತ್ತೆ. ದೊಡ್ಡ ಕೆಲಸ, ಇಲ್ಲ ಅನ್ನಲ್ಲ. ಆದರೆ ಯೋಚನೆ ಮಾಡಿ. ನಮ್ಮ ಪಂಚಾಯಿತಿಯಲ್ಲಿ ಬಿದ್ದ ಮಳೆ ಎಷ್ಟು ಅಂತ ಯಲಹಂಕಕ್ಕೆ ಹದಿನೈದು ನಿಮಿಷದಲ್ಲಿ ಗೊತ್ತಾಗುತ್ತೆ. ಅದೇ ಪಂಚಾಯಿತಿ ಕಚೇರಿಯಿಂದ ಎರಡು ಫರ್ಲಾಂಗು ದೂರದ ಕೇರಿಗೆ ಮೂರು ದಿನ ಬೇಕಾಯಿತು. ಆಕಾಶದಿಂದ ಕಚೇರಿವರೆಗೆ ವಿಜ್ಞಾನ ಬಂತು. ಕಚೇರಿಯಿಂದ ಕೇರಿವರೆಗೆ ಜಾತಿ ಅಡ್ಡ ನಿಂತಿತು.

2023ರ ಅಕ್ಟೋಬರಿನಲ್ಲಿ ಒಂದು ದಿನ ರಾಜ್ಯದ ಎಷ್ಟೋ ಮೊಬೈಲುಗಳು ಒಟ್ಟಿಗೇ ಕಿರುಚಿದ್ದು ನೆನಪಿದೆಯಾ? ತುರ್ತು ಸಂದೇಶದ ಪರೀಕ್ಷೆ ಅದು. ಒಂದು ಪ್ರದೇಶದ ಟವರಿಗೆ ಸೇರಿದ ಫೋನುಗಳಿಗೆಲ್ಲ ಏಕಕಾಲಕ್ಕೆ ಸುದ್ದಿ ಹೋಗುವ ಏರ್ಪಾಟು. ಒಳ್ಳೆಯದೇ. ಆದರೆ ಮನೆಗೊಂದೇ ಫೋನು, ಅದು ಕೂಲಿಗೆ ಹೋದ ಗಂಡಸಿನ ಜೇಬಿನಲ್ಲಿ. ಮಳೆ ಬಂದ ಕೂಡಲೇ ಕರೆಂಟು ಹೋಗುತ್ತೆ, ಚಾರ್ಜು ಹೋಗುತ್ತೆ, ಟವರೂ ಹೋಗುತ್ತೆ. ಮನೆಯಲ್ಲಿ ಅಜ್ಜಿ, ಮಗು, ಕಟ್ಟಿದ ಮೇಕೆ. ಅವರಿಗೆ ಹೇಳೋರು ಯಾರು?

ಉತ್ತರ ಕರ್ನಾಟಕದ ಗೆಳೆಯರು ಇಲ್ಲಿದ್ದೀರಿ. ನಿಮ್ಮದು ಕೆರೆಯ ಕತೆಯಲ್ಲ, ಹೊಳೆಯ ಕತೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು. ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳ, ಗದಗ, ಬಳ್ಳಾರಿ, ಕಲಬುರಗಿ. ಬಿಸಿಲಿನ ಸೀಮೆಯ ಮೇಲೆ ನಾಲ್ಕೈದು ದಿನ ಬಿಡದೆ ಸುರಿಯಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹೊಳೆ ಕೊಚ್ಚಿಕೊಂಡು ಹೋದವರು ಮಾತ್ರ ಅಲ್ಲ, ಮಲಗಿದ್ದ ಮನೆಯ ಗೋಡೆಯೇ ಮೈಮೇಲೆ ಬಿದ್ದು ಸತ್ತವರೂ ಇದ್ದರು. ಮಣ್ಣಿನ ಗೋಡೆ ಮೊದಲ ದಿನ ಬೀಳಲ್ಲ. ನೀರು ಕುಡಿದು ಕುಡಿದು, ಮೂರನೇ ನಾಲ್ಕನೇ ದಿನ, ಒಮ್ಮೊಮ್ಮೆ ಮಳೆ ನಿಂತ ಮೇಲೆ ಬೀಳುತ್ತೆ. ಅಕ್ಟೋಬರ್ 2ರಂದು ತುಂಗಭದ್ರೆ ಮಂತ್ರಾಲಯದ ಮಠಕ್ಕೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಅದೇ ಹೊಳೆಯ ದಂಡೆಯ ಕೇರಿಗಳ ಹೆಸರು ಯಾರಿಗೆ ನೆನಪಿದೆ? 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ. 2020ರ ಅಕ್ಟೋಬರಿನಲ್ಲಿ ಭೀಮೆ. ಮತ್ತೆ ಅದೇ ದಂಡೆ, ಮತ್ತೆ ಅದೇ ಜನ.

ಆ ಕಡೆ ಎಚ್ಚರಿಕೆ ಕ್ಯೂಸೆಕ್ಸ್ ಲೆಕ್ಕದಲ್ಲಿ ಬರುತ್ತೆ. "ಜಲಾಶಯದಿಂದ ಒಂದು ಲಕ್ಷ ಕ್ಯೂಸೆಕ್ಸ್ ಬಿಡಲಾಗಿದೆ, ನದಿ ಪಾತ್ರದ ಜನ ಎಚ್ಚರದಿಂದಿರಬೇಕು." ಹೊಲಕ್ಕೆ ಹೊರಟ ಅವ್ವನಿಗೆ ಇದರಲ್ಲಿ ಏನು ತಿಳಿಯಬೇಕು? ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ಲಕ್ಷ ಕ್ಯೂಸೆಕ್ಸ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಐನೂರಕ್ಕೂ ಹೆಚ್ಚು, ಕಣ್ಣು ಮುಚ್ಚಿ ತೆಗೆಯೋದರಲ್ಲಿ. ಆದರೂ ಆಕೆಗೆ ಬೇಕಾದ್ದು ಈ ಲೆಕ್ಕವಲ್ಲ. ಇಷ್ಟು ಬಿಟ್ಟರೆ ಹಳ್ಳದ ಸೇತುವೆ ಮುಳುಗುತ್ತೆ, ಇಷ್ಟು ಬಿಟ್ಟರೆ ಕೇರಿಯ ಬೇವಿನ ಮರದ ಬುಡಕ್ಕೆ ನೀರು, ಇಷ್ಟು ಗಂಟೆಯೊಳಗೆ ಬರುತ್ತೆ. ಹೀಗೆ ಹೇಳಿದರೆ ಅದು ಎಚ್ಚರಿಕೆ. ಹಿಂದಿನ ನೆರೆಯಲ್ಲಿ ಎಲ್ಲಿವರೆಗೆ ನೀರು ಬಂದಿತ್ತು ಅಂತ ಕೇರಿಯ ಮುದುಕರಿಗೆ ಗೊತ್ತಿದೆ. ಅವರನ್ನ ಕೇಳಿ ಗೋಡೆ ಮೇಲೆ, ಕಂಬದ ಮೇಲೆ ಬಣ್ಣದಲ್ಲಿ ಗುರುತು ಹಾಕೋಕೆ ಯಾವ ಇಂಜಿನಿಯರೂ ಬೇಕಿಲ್ಲ.

ಸಿಡಿಲಿನ ಮಾತೂ ಹೇಳಿಬಿಡುತ್ತೇವೆ. ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ. ಸಿಡಿಲು ಜಾತಿ ನೋಡಿ ಹೊಡೆಯಲ್ಲ. ಆದರೆ ಸಿಡಿಲು ಹೊಡೆಯೋ ಹೊತ್ತಿನಲ್ಲಿ ಬಯಲಲ್ಲಿ ಇರೋರು ಯಾರು ಅಂತ ಜಾತಿ ನಿರ್ಧಾರ ಮಾಡಿರುತ್ತೆ. ಅಶ್ವಿನಿ, ಭರಣಿ ಮಳೆಯ ಕಾಲ, ಅಂದರೆ ಏಪ್ರಿಲ್, ಮೇ. ಮಧ್ಯಾಹ್ನ ಮೂರರ ಮೇಲೆ ಮೋಡ ಕಪ್ಪಾಗುತ್ತೆ. ಮಾವಿನ ತೋಪಿನಲ್ಲಿ ಕೂಲಿಯವರು, ಬಯಲಲ್ಲಿ ಕುರಿ ಕಾಯುವ ಹುಡುಗ, ಕಳೆ ಕೀಳುವ ಹೆಂಗಸರು. ಹನಿ ಬಿದ್ದ ಕೂಡಲೇ ಹುಣಸೆ ಮರದ ಕೆಳಗೆ ಓಡುತ್ತಾರೆ. ಅಲ್ಲೇ ಸಾವು.

ಇದನ್ನ ನೆನಪಿಡಿ. ಮಿಂಚು ಕಂಡ ಕೂಡಲೇ ಎಣಿಸಿ. ಮೂರು ಸೆಕೆಂಡಿಗೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಕೆಲಸ ಬಿಟ್ಟು ಗಟ್ಟಿ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬಾರದು. ಒಂಟಿ ಮರದ ಕೆಳಗೆ ನಿಲ್ಲಬಾರದು, ತಂತಿ ಬೇಲಿ ಮುಟ್ಟಬಾರದು, ಕೆರೆ ನೀರಿನಲ್ಲಿ ಇರಬಾರದು. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರಲ್ಲ. ಮುಟ್ಟಬಹುದು, ಎದೆ ಒತ್ತಿ ಉಸಿರು ಬರಿಸಬಹುದು. ಮುಟ್ಟಲು ಹೆದರಿ ದೂರ ನಿಂತರೆ ಬದುಕಬಹುದಾದವರೂ ಸಾಯುತ್ತಾರೆ. ದಾಮಿನಿ, ಸಿಡಿಲು ಅಂತ ಎರಡು ಆ್ಯಪ್ ಬಂದಿವೆ. ಹಾಕಿಕೊಳ್ಳಿ. ಆದರೆ "ಮೋಡ ಕಪ್ಪಾಯ್ತು, ಕೆಲಸ ನಿಲ್ಲಿಸ್ತೀವಿ" ಅಂದರೆ ಅರ್ಧ ಕೂಲಿ ಕತ್ತರಿಸೋ ಧಣಿಗೆ ಯಾವ ಆ್ಯಪ್ ಬುದ್ಧಿ ಹೇಳುತ್ತೆ? ಕೂಲಿ ಕತ್ತರಿಸದೆ ಕೆಲಸ ನಿಲ್ಲಿಸುವ ಹಕ್ಕು ಕೇಳೋದು ಸಂಘಟನೆಯ ಕೆಲಸ.

ಜನ ಹೊತ್ತುಕೊಂಡು ಹೋದರೆ ಎಚ್ಚರಿಕೆ ಏನು ಮಾಡಬಲ್ಲದು ಅನ್ನೋದಕ್ಕೆ ಹೊರಗಿನ ಒಂದು ಉದಾಹರಣೆ ಸಾಕು. 1970ರ ನವೆಂಬರಿನಲ್ಲಿ ಈಗಿನ ಬಾಂಗ್ಲಾದೇಶದ ಕಡಲ ತೀರಕ್ಕೆ ಚಂಡಮಾರುತ ಬಡಿದು ಮೂರು ಲಕ್ಷಕ್ಕೂ ಹೆಚ್ಚು ಬಡವರು ಸತ್ತರು. 1972ರಲ್ಲಿ ಅಲ್ಲಿ ಸ್ವಯಂಸೇವಕರ ಪಡೆ ಕಟ್ಟಿದರು. ಕೈಯಲ್ಲಿ ಮೆಗಾಫೋನು, ಬಾವುಟ, ಸೈರನ್. ಹಳ್ಳಿಯ ಗಂಡಸರು ಹೆಂಗಸರೇ ಮನೆ ಮನೆಗೆ ಹೋಗಿ ಎಬ್ಬಿಸುತ್ತಾರೆ. ಎತ್ತರದ ಕಾಂಕ್ರೀಟ್ ಆಸರೆಗಳನ್ನ ಕಟ್ಟಿದರು. 2007ರಲ್ಲಿ ಅಂಥದೇ ದೊಡ್ಡ ಚಂಡಮಾರುತ ಬಂದಾಗ ಸತ್ತವರು ಮೂರೂವರೆ ಸಾವಿರದ ಆಸುಪಾಸು. ಅದೂ ಕಡಿಮೆಯಲ್ಲ. ಆದರೆ ಮೂರು ಲಕ್ಷವೆಲ್ಲಿ, ಮೂರೂವರೆ ಸಾವಿರವೆಲ್ಲಿ! ಕಾಲ್ನಡಿಗೆಯ ಸುದ್ದಿ ಮತ್ತು ತೆರೆದ ಬಾಗಿಲು, ಎರಡೂ ಇದ್ದದ್ದಕ್ಕೆ ಇಷ್ಟು ಜನ ಉಳಿದರು.

ನಮ್ಮಲ್ಲಿ ಬಾಗಿಲಿನದೇ ತಕರಾರು. 2004ರ ಡಿಸೆಂಬರ್ 26ರ ಸುನಾಮಿ ಆದ ಮೇಲೆ ತಮಿಳುನಾಡಿನ ನಾಗಪಟ್ಟಣದ ಕಡೆ ಪರಿಹಾರ ಶಿಬಿರಗಳಲ್ಲಿ ದಲಿತರಿಗೆ ಜಾಗ ಕೊಡದೆ, ನೀರು ಮುಟ್ಟಗೊಡದೆ ದೂರ ಇಟ್ಟದ್ದು ದೇಶಕ್ಕೇ ಗೊತ್ತಾಯಿತು. ಕಡಲೇ ಮೇಲೆ ಬಂದರೂ ಜಾತಿ ಮುಳುಗಲಿಲ್ಲ. ಮರು ವರ್ಷ, 2005ರಲ್ಲಿ, ವಿಪತ್ತು ನಿರ್ವಹಣಾ ಕಾಯಿದೆ ಬಂತು. ಅದರ 61ನೇ ಕಲಂ ಓದಿಕೊಳ್ಳಿ. ಪರಿಹಾರ ಕೊಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮದ ಹೆಸರಿನಲ್ಲಿ ಭೇದ ಮಾಡಬಾರದು ಅಂತ ಬರೆದಿದೆ. 30ನೇ ಕಲಂ ಪ್ರಕಾರ ಮುನ್ನೆಚ್ಚರಿಕೆಯ ಏರ್ಪಾಟು ಮಾಡಿ ಜನರಿಗೆ ಸುದ್ದಿ ಮುಟ್ಟಿಸುವುದು ಜಿಲ್ಲಾ ಪ್ರಾಧಿಕಾರದ ಕರ್ತವ್ಯ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಅಂದರೆ ಎಚ್ಚರಿಕೆ ಯಾರೋ ಕೊಡುವ ಭಿಕ್ಷೆಯಲ್ಲ. ನಮಗೆ ಬರಬೇಕಾದ ಬಾಕಿ.

ಈಗ ತಮಟೆಯ ಪ್ರಶ್ನೆ. ಆ ರಾತ್ರಿ ಆದ ಮೇಲೆ ಕೇರಿಯಲ್ಲಿ ದೊಡ್ಡ ಜಗಳವೇ ಆಯಿತು. ಕೆಲವರು, "ತಮಟೆ ಬಿಟ್ಟದ್ದೇ ತಪ್ಪು" ಅಂದರು. ಕೆಲವರು, "ಇವತ್ತು ನೆರೆಗೆ ಹೊಡೀತೀವಿ, ನಾಳೆ ಹೆಣಕ್ಕೆ ಕರೀತಾರೆ" ಅಂದರು. ಎರಡನೆಯವರ ಭಯ ಸುಳ್ಳಲ್ಲ. ಒಂದು ತಿಂಗಳಿಗೇ ಊರಿನವರು ಬಂದು, "ಮಳೆಗಾಲದಲ್ಲಿ ಕೆರೆ ಕಾಯೋ ಕೆಲಸ ನಿಮ್ಮದೇ ಅಲ್ವೇನ್ರಪ್ಪಾ, ಹಿಂದಿನಿಂದ ಬಂದದ್ದು" ಅಂದರು. ನಾವು ಹೇಳಿದೆವು: ಕಾಯ್ತೀವಿ. ಆದರೆ ಪಾಳಿ ಹಾಕಿ. ಒಂದು ರಾತ್ರಿ ಕೇರಿಯವರು, ಒಂದು ರಾತ್ರಿ ಊರಿನವರು. ಸಮುದಾಯ ಭವನದ ಇನ್ನೊಂದು ಕೀಲಿ ಕೇರಿಯಲ್ಲಿರಲಿ. ಅವರು ಎದ್ದು ಹೋದರು. ಆ ಮಾತು ಇನ್ನೂ ಮುಗಿದಿಲ್ಲ. ಕೀಲಿ ಇನ್ನೂ ಬಂದಿಲ್ಲ.

ನಾವು ಮಾತ್ರ ಒಂದು ಕೆಲಸ ಮಾಡಿದೆವು. ತಮಟೆ ಮಳೆಗೆ ಮೂಗವಾಗುತ್ತೆ ಅಂತ ಕಣ್ಣಾರೆ ಕಂಡಿದ್ದೆವಲ್ಲ. ಶಾಲೆಯಲ್ಲಿ ಗಂಟೆ ಹೊಡೆಯೋಕೆ ನೇತುಹಾಕುವ ಹಾಗೆ ಒಂದು ಕಬ್ಬಿಣದ ತುಂಡು ತಂದು ಕೇರಿಯ ಬಾಯಿಯ ಮರಕ್ಕೆ ಕಟ್ಟಿದೆವು. ಯಾರು ಬೇಕಾದರೂ ಬಾರಿಸಬಹುದು. ಹೆಣ್ಣುಮಕ್ಕಳೂ ಬಾರಿಸಬಹುದು. ಅದಕ್ಕೆ ಜಾತಿಯಿಲ್ಲ, ಚಾಕರಿಯಿಲ್ಲ.

ನಿಮ್ಮಲ್ಲಿ ನಾವು ಕೇಳೋದು ಇಷ್ಟು. ರಜೆಗೆ ಊರಿಗೆ ಹೋದಾಗ ಇವನ್ನ ಮಾಡಿ:

1. ಪಂಚಾಯಿತಿಯ ಎಚ್ಚರಿಕೆಯ ಗುಂಪಿನಲ್ಲಿ ಕೇರಿಯ ನಾಲ್ಕು ಜನರ ನಂಬರು ಸೇರಿಸಿ. ಅದರಲ್ಲಿ ಇಬ್ಬರು ಹೆಂಗಸರಿರಲಿ. ಸೇರಿಸಲ್ಲ ಅಂದರೆ ಅರ್ಜಿ ಬರೆದು ಕೊಟ್ಟು ಸ್ವೀಕೃತಿ ತನ್ನಿ.

2. ಜಿಲ್ಲಾ ನಿಯಂತ್ರಣ ಕೊಠಡಿಯ ನಂಬರು 1077, ತುರ್ತು ನಂಬರು 112. ಕೇರಿಯ ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ.

3. ಕೆರೆ ಏರಿಯನ್ನ ಮಳೆಗಾಲಕ್ಕೆ ಮುಂಚೆ ಮುದುಕರ ಜೊತೆ ನಡೆದು ನೋಡಿ. ಬಿರುಕು, ಇಲಿ ಬಿಲ, ಕೆಂಪು ಜಿನುಗು, ಕೋಡಿಗೆ ಅಡ್ಡ ಹಾಕಿದ ಮಣ್ಣಿನ ಮೂಟೆ, ಎಲ್ಲ ಬರೆದು ತಹಶೀಲ್ದಾರರಿಗೆ ಕೊಡಿ.

4. ಯಾವ ಮನೆಯಲ್ಲಿ ಮುದುಕರು, ಬಸುರಿಯರು, ಕಾಲಿಲ್ಲದವರು ಇದ್ದಾರೆ, ಅವರನ್ನ ಯಾರು ಎತ್ತಿಕೊಂಡು ಹೋಗಬೇಕು ಅಂತ ಈಗಲೇ ಹೆಸರು ಹಚ್ಚಿ. ರೇಷನ್ ಕಾರ್ಡು, ಆಧಾರ್, ಜಾತಿ ಪತ್ರ, ಅಂಕಪಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿಸಿ.

5. ಎತ್ತರದ ಯಾವ ಕಟ್ಟಡ ಕೇರಿಗೆ ತೆರೆಯಬೇಕು, ಅದರ ಕೀಲಿ ಯಾರ ಹತ್ತಿರ ಇರಬೇಕು ಅಂತ ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ. ಇದೇ ಎಲ್ಲಕ್ಕಿಂತ ಕಷ್ಟದ್ದು. ಇದಕ್ಕೇ ಹೋರಾಟ ಬೇಕು.

ನಮ್ಮ ತಾತ ಹೋದ ವರ್ಷ ತೀರಿಕೊಂಡ. ಅವನ ಹೆಣದ ಮುಂದೆ ತಮಟೆ ಬಡಿಯಬೇಕೋ ಬೇಡವೋ ಅಂತ ಕೇರಿಯವರು ನಮ್ಮ ಮುಖ ನೋಡಿದರು. ನಾವೇ ಹೊಡೆದೆವು. ಹೊಡಿ ಅಂತ ಯಾರೂ ಹೇಳಿರಲಿಲ್ಲ.

ಮಳೆಗಾಲ ಪ್ರತಿ ವರ್ಷ ಬರುತ್ತೆ. ಸುದ್ದಿ ಹೊತ್ತುಕೊಂಡು ಹೋಗೋಕೆ ನೀವಿದ್ದೀರಿ. ಕೀಲಿ ಮಾತ್ರ ಕೇಳಿ ತಗೊಳ್ಳಬೇಕು.

ಜೈ ಭೀಮ್.